ಜಾಯ್‌ಸ್ಟಿಕ್ ನೀವೇ ಮಾಡುವುದಾದರೆ
ಪ್ಯಾಕ್‌ಮ್ಯಾನ್‌ನಂಥ ಆಟಕ್ಕೆ ಮನೆಯಲ್ಲೇ ಜಾಯ್‌ಸ್ಟಿಕ್ ಮಾಡುವ ಆಸೆಯೇ? ಖಂಡಿತ ಮಾಡಿ. ಸ್ವಿಚ್ಚುಗಳನ್ನು ಕಂಪ್ಯೂಟರಿಗೆ ಜೋಡಿಸಲು ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್ ಬೇಕು; ಅದರಲ್ಲಿ ಊನೊ ಬದಲು ಲಿಯೊನಾರ್ಡೊ ಮಾದರಿ ಕೊಳ್ಳಿ. ಕಂಪ್ಯೂಟರ್ ಅದನ್ನು ಕೀಬೋರ್ಡ್ ಎಂದೇ ಗುರುತಿಸುತ್ತದೆ, ಆಟದ ಪ್ರೋಗ್ರಾಂ ಮುಟ್ಟಬೇಕಿಲ್ಲ.

ಹಿಡಿಕೆಯ ಸುತ್ತ ನಾಲ್ಕು ಮೈಕ್ರೋಸ್ವಿಚ್ ಕೂರಿಸಿ. ಸ್ವಿಚ್ಚಿಗೆ ಮೂರು ಕಾಲು. ‘ಕಾಮ್’ ಗ್ರೌಂಡಿಗೆ, ‘ಎನ್‌ಒ’ ಬೋರ್ಡಿನ ಪಿನ್ನಿಗೆ; ಮೂರನೆಯದು ಇಲ್ಲಿ ಬೇಡ. ಒತ್ತಿದಾಗ ಒಳಗಿನ ಲೋಹದ ಪಟ್ಟಿ ಕ್ಷಣಕಾಲ ಅದುರಿ, ಒಂದೇ ಒತ್ತು ಹಲವಾಗಿ ಕಾಣುತ್ತದೆ. ಬೋರ್ಡಿನ ಪ್ರೋಗ್ರಾಮಿನಲ್ಲಿ 5 ಮಿಲಿಸೆಕೆಂಡ್ ಬಿಟ್ಟು ಸ್ವಿಚ್ಚನ್ನು ಮತ್ತೊಮ್ಮೆ ಓದಿಸಿದರೆ ಸಾಕು.

ಹೆಚ್ಚಿನವರು ಮರೆಯುವುದು ಇನ್ನೊಂದನ್ನು. 1980ರ ಪ್ಯಾಕ್‌ಮ್ಯಾನ್‌ಗೆ ನಾಲ್ಕೇ ದಿಕ್ಕು. ಹಿಡಿಕೆ ಓರೆಯಾಗಿ ವಾಲಿದರೆ ಎರಡು ಸ್ವಿಚ್ ಒಟ್ಟಿಗೇ ಒತ್ತಿಹೋಗಿ, ತಿರುವು ತಪ್ಪಿ, ಭೂತದ ಬಾಯಿಗೆ ಬೀಳುತ್ತೀರಿ. ಕೂಡು ಚಿಹ್ನೆಯ ಆಕಾರದಲ್ಲಿ ಕಿಂಡಿ ಕೊರೆದ ತಗಡನ್ನು ಹಿಡಿಕೆಯ ಬುಡಕ್ಕೆ ತಪ್ಪದೆ ಹಾಕಿ. ಪೆಟ್ಟಿಗೆ ಭಾರವಾಗಿರಲಿ, ಆಟ ರಂಗೇರಿದಾಗ ಅದು ಮೇಜಿನ ಮೇಲೆ ಜಾರಬಾರದು.