ರಕ್ಷಕ ಕೋಶಗಳ ತೂಬುಗಳು

ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಟಿ-ಲಿಂಫೋಸೈಟುಗಳೆಂಬ ಒಂದು ವರ್ಗವುಂಟು. ರೋಗಾಣುಗಳ ಸುಳಿವಿಲ್ಲದಿರುವಾಗ ಈ ಜೀವಕೋಶಗಳು ಶಾಂತವಾಗಿ ಸಂಚರಿಸುತ್ತಿರುತ್ತವೆ. ಸುಳಿವು ದೊರೆತೊಡನೆ ಎಚ್ಚೆತ್ತು, ಬೆಳೆದು, ಒಂದು ಎರಡಾಗಿ ಎರಡು ನಾಲ್ಕಾಗಿ ಹೋರಾಟಕ್ಕೆ ಅಣಿಯಾಗುತ್ತವೆ. ಈ ಎಚ್ಚರವು ಮೂಡುವುದು ಹೇಗೆ? ಕೋಶದ ಪೊರೆಯಲ್ಲಿರುವ ಕೆಲವು ಅತಿ ಸೂಕ್ಷ್ಮ ದ್ವಾರಗಳು ಇದರಲ್ಲಿ ಮುಖ್ಯ ಪಾತ್ರವನ್ನು ವಹಿಸುತ್ತವೆ. ವಿದ್ಯುದಾವೇಶವುಳ್ಳ ಪರಮಾಣುಗಳಾದ ಅಯಾನುಗಳು ಇವುಗಳ ಮೂಲಕ ಹರಿಯುವುದರಿಂದ ಇವನ್ನು ಅಯಾನು ನಾಳಗಳೆಂದು ಕರೆಯುತ್ತೇವೆ.

ಏರಿಯ ಹಿಂದೆ ತುಂಬಿ ನಿಂತ ಕೆರೆಯನ್ನು ನೆನೆಯೋಣ. ತೂಬನ್ನೆತ್ತಿದರೆ ನೀರು ತಾನಾಗಿಯೇ ಗದ್ದೆಗೆ ಹರಿಯುತ್ತದೆ. ಅಂತೆಯೇ, ವಿಶ್ರಾಂತ ಲಿಂಫೋಸೈಟಿನ ಒಳಗಿರುವುದಕ್ಕಿಂತ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆಯು ಸುಮಾರು 10,000 ಪಟ್ಟು ಹೆಚ್ಚು. ತೂಬು ತೆರೆದರೆ ಅವು ಒಳನುಗ್ಗುತ್ತವೆ. ಆದರೆ ಈ ತೂಬನ್ನು ಎತ್ತುವವರಾರು?

ಉತ್ತರವು ಸೋಜಿಗವಾದುದು. ಪೊರೆಯ ಮೇಲಿನ ಗ್ರಾಹಕವು ರೋಗಾಣುವಿನ ಅಂಶವನ್ನು ಗುರುತಿಸಿದಾಗ ಕೋಶದೊಳಗೆ ಒಂದು ಸಂದೇಶವಸ್ತು ಹುಟ್ಟುತ್ತದೆ. ಕೋಶದೊಳಗೇ ಒಂದು ಕ್ಯಾಲ್ಸಿಯಂ ಕಣಜವುಂಟು. ಸಂದೇಶವು ಅದನ್ನು ಬರಿದು ಮಾಡುತ್ತದೆ. ಈ ಕಣಜದ ಗೋಡೆಯಲ್ಲಿ ಸ್ಟಿಮ್-1 ಎಂಬ ಪ್ರೋಟೀನು ಕಾವಲಿರುತ್ತದೆ. ಕಣಜ ಬರಿದಾದುದನ್ನು ತಿಳಿದೊಡನೆ ಅದರ ಅಣುಗಳು ಗುಂಪುಗೂಡಿ, ಹೊರಪೊರೆಯ ಸಮೀಪಕ್ಕೆ ಸರಿದು, ಅಲ್ಲಿರುವ ಒರಾಯ್-1 ಎಂಬ ನಾಳವನ್ನು ತೆರೆಯುತ್ತವೆ. ಎಂದರೆ, ಒಳಗಿನ ಕಣಜದ ಬರಿದುತನವೇ ಹೊರಗಿನ ತೂಬಿಗೆ ಅಪ್ಪಣೆ! ಸ್ಟಿಮ್-1ರ ಈ ಕೆಲಸವು 2005ರಲ್ಲಿಯೂ, ಒರಾಯ್-1ರ ಕೆಲಸವು 2006ರಲ್ಲಿಯೂ ಬೆಳಕಿಗೆ ಬಂದುವು. ಗ್ರೀಕ್ ಪುರಾಣದಲ್ಲಿ ಸ್ವರ್ಗದ ಬಾಗಿಲನ್ನು ಕಾಯುವ ದೇವಿಯರ ಹೆಸರೇ ಈ ನಾಳಕ್ಕೆ ದೊರೆತಿದೆ.

ಇಲ್ಲಿ ಒಂದು ತೊಡಕುಂಟು. ಕ್ಯಾಲ್ಸಿಯಂ ಅಯಾನು ಧನಾವೇಶವುಳ್ಳದ್ದು. ಕೋಶದ ಒಳಭಾಗವು ಋಣಾವೇಶದ್ದಾದುದರಿಂದಲೇ ಅದು ಬಲವಾಗಿ ಒಳಕ್ಕೆ ಸೆಳೆಯಲ್ಪಡುತ್ತದೆ. ಅಯಾನುಗಳು ಬಂದಂತೆಲ್ಲ ಈ ಸೆಳೆತವು ಕುಗ್ಗಬೇಕಷ್ಟೆ. ಹಾಗಾಗದಂತೆ ನೋಡಿಕೊಳ್ಳುವವು ಪೊಟ್ಯಾಸಿಯಂ ನಾಳಗಳು. ಇವುಗಳಲ್ಲಿ ಒಂದು ಬಗೆಯು ಪೊರೆಯ ವಿದ್ಯುದ್ವಿಭವ ಬದಲಾದಾಗಲೂ, ಮತ್ತೊಂದು ಬಗೆಯು ಒಳಗಿನ ಕ್ಯಾಲ್ಸಿಯಂ ಹೆಚ್ಚಿದಾಗಲೂ ತೆರೆಯುತ್ತವೆ. ಪೊಟ್ಯಾಸಿಯಂ ಹೊರಹೋಗುವುದರಿಂದ ಒಳಗಿನ ಋಣಾವೇಶವು ಉಳಿದು, ಕ್ಯಾಲ್ಸಿಯಂ ಪ್ರವಾಹವು ಮುಂದುವರಿಯುತ್ತದೆ.

ಒಳಬಂದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಪ್ರಚೋದಿಸುತ್ತದೆ. ಈ ಕಿಣ್ವದ ಕ್ರಿಯೆಯಿಂದ ಎನ್‌ಫ್ಯಾಟ್ ಎಂಬ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು, ಹೋರಾಟಕ್ಕೆ ಬೇಕಾದ ಜೀನುಗಳನ್ನು ಎಚ್ಚರಿಸುತ್ತದೆ. ಇದಕ್ಕೆ ಕ್ಷಣಕಾಲದ ಪ್ರವಾಹ ಸಾಲದು. ಗಂಟೆಗಳ ಕಾಲ ಅದು ನಡೆಯಬೇಕು. ಆದರೆ ಅತಿಯಾದರೆ ಕೇಡು. ಆದುದರಿಂದ ನಾಳದ ಬಾಯಲ್ಲಿ ಕ್ಯಾಲ್ಸಿಯಂ ಹೆಚ್ಚಿದಾಗ ನಾಳವು ತಾನೇ ಮುಚ್ಚಿಕೊಳ್ಳತೊಡಗುತ್ತದೆ. ಪೊರೆಯ ಪಂಪುಗಳು ಹೆಚ್ಚಿನದನ್ನು ಹೊರದೂಡುತ್ತವೆ. ಕಣಜವು ಮತ್ತೆ ತುಂಬಿದಾಗ ಸ್ಟಿಮ್-1 ಅಣುಗಳು ಚೆದುರುತ್ತವೆ.

ಈ ವ್ಯವಸ್ಥೆ ಕೆಟ್ಟರೇನಾಗುವುದು? ಕೆಲವು ಶಿಶುಗಳಲ್ಲಿ ಟಿ-ಕೋಶಗಳ ಸಂಖ್ಯೆ ಸರಿಯಾಗಿಯೇ ಇದ್ದರೂ ಅವು ಎಚ್ಚರಗೊಳ್ಳುತ್ತಿರಲಿಲ್ಲ. ಸಾಮಾನ್ಯ ಸೋಂಕೂ ಅವರಿಗೆ ಪ್ರಾಣಾಂತಕವಾಗಬಹುದಾಗಿತ್ತು. 2006ರಲ್ಲಿ ಸ್ಟೀಫನ್ ಫೆಸ್ಕೆ, ಅಂಜನಾ ರಾವ್ ಮತ್ತು ಸಂಗಡಿಗರು ಇದರ ಕಾರಣವನ್ನು ಕಂಡುಹಿಡಿದರು. ಒರಾಯ್-1 ಪ್ರೋಟೀನಿನ 91ನೆಯ ಸ್ಥಾನದಲ್ಲಿ ಆರ್ಜಿನೀನಿಗೆ ಬದಲಾಗಿ ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವು ಸೇರಿತ್ತು. ತೂಬು ತೆರೆಯುತ್ತಲೇ ಇರಲಿಲ್ಲ. ಇದಕ್ಕೆ ವಿರುದ್ಧವಾಗಿ, ಅಂಗಗಳ ಕಸಿಯಾದ ರೋಗಿಗಳಲ್ಲಿ ಈ ಎಚ್ಚರವನ್ನು ವೈದ್ಯರೇ ತಗ್ಗಿಸಬೇಕಾಗುತ್ತದೆ. ಅವರು ಕೊಡುವ ಸೈಕ್ಲೊಸ್ಪೊರಿನ್ ಔಷಧವು ಕ್ಯಾಲ್ಸಿನ್ಯೂರಿನ್ ಕಿಣ್ವವನ್ನು ತಡೆಯುತ್ತದೆ.

ಸೈನ್ಯವಿದ್ದರೆ ಸಾಲದು, ಅದಕ್ಕೆ ಕರೆಯೂ ಮುಟ್ಟಬೇಕು. ನಮ್ಮ ದೇಹದಲ್ಲಿ ಆ ಕರೆಯನ್ನು ಮುಟ್ಟಿಸುವುದೂ ಮಿತಿಯಲ್ಲಿಡುವುದೂ ಕಣ್ಣಿಗೆ ಕಾಣದ ಈ ತೂಬುಗಳ ಕಾರ್ಯವಾಗಿದೆ.