ಮಹಾಯುದ್ಧಗಳ ನಡುವೆ ಕಾರ್ಖಾನೆ, ಅಂಗಡಿಗಳ ಆರೋಗ್ಯ ತಪಾಸಣೆ: ಬೀದರ ಮತ್ತು ಕನ್ನಡ ನಾಡು – ಮುಖ್ಯಾಂಶಗಳು

• ಅವಧಿ: 1918ರ ನವೆಂಬರ್‌ನಿಂದ 1939ರ ಸೆಪ್ಟೆಂಬರ್‌ವರೆಗೆ.

• ಮೊದಲು ಭೂಪಟ ನೋಡಿಕೊಳ್ಳಿ. ಪರೀಕ್ಷೆಯಲ್ಲಿ ಅಂಕ ಹೋಗುವುದೇ ಇಲ್ಲಿ. ಇಂದು ಬೀದರ ನಗರದೊಳಗೆ ಸೇರಿರುವ ಮೈಲೂರ, ಜೊತೆಗೆ ಭಾಲ್ಕಿ, ಔರಾದ ಎಲ್ಲವೂ ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಲಬುರಗಿ, ರಾಯಚೂರು ಕೂಡ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಮಂಗಳೂರು, ಕಾಸರಗೋಡು, ಬಳ್ಳಾರಿ ಮದ್ರಾಸಿಗೆ. ಮೈಸೂರು ಒಡೆಯರದು, ಕೊಡಗು ಚೀಫ್ ಕಮಿಷನರ್‌ದು. ಬ್ರಿಟಿಷ್ ಭಾರತದ ಕಾಯ್ದೆಗಳು ಸಂಸ್ಥಾನಗಳಿಗೆ ತಾವಾಗಿ ಅನ್ವಯಿಸುತ್ತಿರಲಿಲ್ಲ. "1922ರ ಕಾರ್ಖಾನೆ ಕಾಯ್ದೆ ಬೀದರಕ್ಕೂ ಅನ್ವಯಿಸಿತು" ಎಂದು ಬರೆದರೆ ಅದು ತಪ್ಪು ಉತ್ತರ.

• ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಕಾರ್ಖಾನೆ ಕಾಯ್ದೆ ಬಂದದ್ದು ಫಸಲಿ 1337ರಲ್ಲಿ, ಅಂದರೆ 1927-28ರಲ್ಲಿ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ನಿಜಾಮರ ಕಾಲದ ಯಾವ ಪ್ರಶ್ನೆಗೂ ಈ ಲೆಕ್ಕ ಬೇಕಾಗುತ್ತದೆ.

• ಹೈದರಾಬಾದ್ ಸಂಸ್ಥಾನದಲ್ಲಿ ಜಿಲ್ಲೆಯ ಮುಖ್ಯಸ್ಥ ಅವ್ವಲ್ ತಾಲ್ಲೂಕ್‌ದಾರ್. ಇಂದಿನ ಜಿಲ್ಲಾಧಿಕಾರಿಗೆ ಸಮನಾದ ಹುದ್ದೆ ಅದು. ಜಿಲ್ಲಾ ಬೋರ್ಡಿನ ಅಧ್ಯಕ್ಷನೂ ಅವನೇ.

• ಬ್ರಿಟಿಷ್ ಭಾರತದ ಕಾರ್ಖಾನೆ ಕಾಯ್ದೆಗಳು:
 – 1881: 100 ಜನರಿದ್ದರೆ ಕಾರ್ಖಾನೆ, ಮಕ್ಕಳ ಕನಿಷ್ಠ ವಯಸ್ಸು 7.
 – 1891: 50 ಜನ; ಕನಿಷ್ಠ ವಯಸ್ಸು 9.
 – 1922: ಯಂತ್ರಶಕ್ತಿ ಮತ್ತು 20 ಜನ, ಕನಿಷ್ಠ ವಯಸ್ಸು 12, ವಯಸ್ಕರಿಗೆ ದಿನಕ್ಕೆ 11, ವಾರಕ್ಕೆ 60 ಗಂಟೆ.
 – 1934 (ಜಾರಿ 1-1-1935): ವರ್ಷವಿಡೀ ನಡೆಯುವ ಕಾರ್ಖಾನೆಗೆ ದಿನಕ್ಕೆ 10, ವಾರಕ್ಕೆ 54 ಗಂಟೆ. ಹತ್ತಿ ಜಿನ್ನಿಂಗ್‌ನಂಥ ಹಂಗಾಮಿ ಕಾರ್ಖಾನೆಗೆ 11 ಮತ್ತು 60. ಹತ್ತಿಯ ಧೂಳು ದಟ್ಟವಾಗಿದ್ದ ಜಾಗದಲ್ಲೇ ಹೆಚ್ಚು ಹೊತ್ತು ದುಡಿಸಲು ಅವಕಾಶ ಕೊಟ್ಟದ್ದು ಈ ಕಾಯ್ದೆಯ ದೊಡ್ಡ ಕೊರತೆ.

• ವಾರಕ್ಕೆ 60 ಗಂಟೆಯ ಮೂಲ: 1919ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊದಲ ಒಡಂಬಡಿಕೆ. ಭಾರತ ಇದನ್ನು 1921ರಲ್ಲಿ ಅನುಮೋದಿಸಿತು.

• ವಿಟ್ಲೆ ಆಯೋಗ (ಕಾರ್ಮಿಕರ ಸ್ಥಿತಿ ಕುರಿತ ರಾಯಲ್ ಆಯೋಗ): ನೇಮಕ 1929, ವರದಿ 1931. 1934ರ ಕಾಯ್ದೆಗೆ ತಳಹದಿ.

• ತಪಾಸಣೆ ಯಾರದು? 1919ರ ಸುಧಾರಣೆಯಲ್ಲಿ ಸಾರ್ವಜನಿಕ ಆರೋಗ್ಯ, ಸ್ಥಳೀಯ ಆಡಳಿತ ಎರಡೂ ಜನಪ್ರತಿನಿಧಿ ಮಂತ್ರಿಗಳ ಕೈಗೆ ಬಂದವು. ಕಾರ್ಖಾನೆಗಳು ಗವರ್ನರ್ ಬಳಿಯೇ ಉಳಿದವು. ಹೀಗಾಗಿ ದೊಡ್ಡ ಗಿರಣಿಗೆ ಫ್ಯಾಕ್ಟರಿ ಇನ್ಸ್‌ಪೆಕ್ಟರ್. ಹೋಟೆಲು, ಮಾಂಸದಂಗಡಿ, ಚರ್ಮ ಹದಮಾಡುವ ಕೇರಿ ಮುನ್ಸಿಪಾಲ್ಟಿಯ ಪಾಲಿಗೆ. ಆಧಾರ: ಮುಂಬೈ ಜಿಲ್ಲಾ ಮುನ್ಸಿಪಲ್ ಕಾಯ್ದೆ 1901, ಮದ್ರಾಸ್ ಜಿಲ್ಲಾ ಮುನ್ಸಿಪಾಲಿಟಿ ಕಾಯ್ದೆ 1920. ಆಹಾರ ಕಲಬೆರಕೆ ತಡೆಯುವ ಕಾಯ್ದೆ ಮದ್ರಾಸಿನಲ್ಲಿ 1918, ಮುಂಬೈಯಲ್ಲಿ 1925.

• ಇವೆರಡರ ನಡುವೆ ಬಿಟ್ಟುಹೋದವರು ಯಾರು? ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರದ ಕಸುಬಾದ ಬಿದರಿ ಕೆಲಸದ ಕೋಣೆಯನ್ನೇ ನೋಡಿ. ಸತು ಹೆಚ್ಚು, ತಾಮ್ರ ಕಡಿಮೆ, ಸುಮಾರು 16ಕ್ಕೆ 1ರಂತೆ ಕರಗಿಸಿ ಅಚ್ಚಿಗೆ ಹೊಯ್ಯುತ್ತಾರೆ. ಮೈಲುತುತ್ತ ಸವರಿ ಕಪ್ಪಾಗಿಸಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ನವಸಾಗರ ಬೆರೆಸಿದ ಬೀದರ ಕೋಟೆಯ ಮಣ್ಣಿನಿಂದ ತಿಕ್ಕಿದರೆ ಲೋಹ ಕಡುಗಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಕಾದ ಸತುವಿನ ಹೊಗೆ ಎದೆಗೆ ಸೇರಿದರೆ ಚಳಿ, ಜ್ವರ, ಕೆಮ್ಮು. ಆದರೆ ಅಲ್ಲಿ ದುಡಿಯುವವರು ಕೆಲವೇ ಜನ, ಯಂತ್ರವಿಲ್ಲ. 1922ರ ವ್ಯಾಖ್ಯೆಯನ್ನೇ ಅಳತೆಗೋಲಾಗಿ ಹಿಡಿದರೂ ಅದು ಕಾರ್ಖಾನೆ ಅಲ್ಲ. ಹೊರಗೆ ಹೋಗುವ ಕೊಳೆ, ದುರ್ವಾಸನೆಯನ್ನು ನೋಡುವುದು ಊರಿನ ನೈರ್ಮಲ್ಯ ತಪಾಸಣೆಯ ಕೆಲಸ; ಒಳಗೆ ಕೂತವನ ಎದೆಯನ್ನು ನೋಡುವ ಹೊಣೆ ಯಾರದೂ ಆಗಿರಲಿಲ್ಲ. ಬೀಡಿ ಕಟ್ಟುವವರಿಗೂ ಇದೇ ಪಾಡು. ವಿವರಣಾತ್ಮಕ ಉತ್ತರದಲ್ಲಿ ಈ ಅಂಶವನ್ನು ತಪ್ಪದೆ ಬರೆಯಿರಿ. ಕಾಯ್ದೆಗಳ ಇಸವಿಗಿಂತ ಇದು ಹೆಚ್ಚು ಮುಖ್ಯ.

• 1934ರ ಕಾಯ್ದೆಯ 5ನೇ ಕಲಂ ಪ್ರಾಂತ ಸರ್ಕಾರಗಳಿಗೆ ಒಂದು ದಾರಿ ತೆರೆಯಿತು: ಯಂತ್ರಶಕ್ತಿ ಇಲ್ಲದಿದ್ದರೂ 10 ಜನ ದುಡಿಯುವ ಜಾಗವನ್ನು ಕಾರ್ಖಾನೆ ಎಂದು ಘೋಷಿಸಬಹುದಿತ್ತು. 1938ರ ಬಾಲಕಾರ್ಮಿಕ ಕಾಯ್ದೆ ಬೀಡಿ, ಚರ್ಮ ಹದ ಮುಂತಾದ ಕಸುಬುಗಳ ಸಣ್ಣ ಕೆಲಸದ ಮನೆಗಳನ್ನು ಮುಟ್ಟಿತು.

• ಮೈಸೂರು: ಕಾರ್ಖಾನೆ ರೆಗ್ಯುಲೇಷನ್ 1914. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಆರೋಗ್ಯ ಇಲಾಖೆಯ ಪುನಾರಚನೆ. ಮಂಡ್ಯದಲ್ಲಿ ಆರೋಗ್ಯ ಘಟಕ.

• 1939, ಎರಡು ಮೈಲಿಗಲ್ಲು: ಮದ್ರಾಸ್ ಸಾರ್ವಜನಿಕ ಆರೋಗ್ಯ ಕಾಯ್ದೆ, ಮತ್ತು ದೇಶದ ಮೊದಲ ಅಂಗಡಿ ಕಾಯ್ದೆಯಾದ ಮುಂಬೈ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ. ಎರಡನೆಯದರ ಜಾರಿ ಸ್ಥಳೀಯ ಸಂಸ್ಥೆಗಳ ಹೊಣೆ.

• ಬೀದರ ಸೇರಿದ ಹೈದರಾಬಾದ್ ಸೀಮೆಗೆ ಅಂಥ ಅಂಗಡಿ ಕಾಯ್ದೆ ಬಂದದ್ದು 1951ರಲ್ಲಿ. ಮುಂಬೈಗಿಂತ 12 ವರ್ಷ ತಡವಾಗಿ, ನಿಜಾಮರ ಆಳ್ವಿಕೆ ಮುಗಿದ ಮೇಲೆ.