ಬಾಣ ಹಾಕಿದ ಕಡೆಯೆಲ್ಲ ಸಹಿ ಮಾಡಬೇಕೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ಪುಣೆಯ ವಾಕಡ್‌ನಲ್ಲಿ ಫ್ಲ್ಯಾಟ್ ಕೊಳ್ಳುತ್ತಿದ್ದೇವೆ. ಶುಕ್ರವಾರ ಗೃಹಸಾಲದ ಕಾಗದಗಳಿಗೆ ಸಹಿ. ‘ಎಲ್ಲಾ ರೂಟೀನ್, ಬಾಣ ಹಾಕಿದ ಕಡೆ ಸಹಿ ಮಾಡಿ’ ಎನ್ನುತ್ತಾರೆ ಏಜೆಂಟ್. ನಮಗೆ ಕಚೇರಿ ಮರಾಠಿ ಓದಲು ಬಾರದು. ಓದಿಯೇ ಸಹಿ ಹಾಕೋಣವೆಂದರೆ ಯಜಮಾನರು ‘ಅತಿ ಮಾಡಬೇಡ’ ಅಂತಾರೆ. ಏನು ಮಾಡಲಿ?

ಉತ್ತರ: ನೀವು ಹೇಳುತ್ತಿರುವುದೇ ಸರಿ. ಕಂತು ಕಟ್ಟುವವರು ನೀವು, ಏಜೆಂಟ್ ಅಲ್ಲ.

ಮೊದಲು ಬ್ಯಾಂಕಿನಿಂದ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’, ಅಂದರೆ ಸಾಲದ ಮುಖ್ಯ ವಿವರಗಳ ಪತ್ರ, ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಇದನ್ನು ಕಡ್ಡಾಯ ಮಾಡಿದೆ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಯೋಚಿಸಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಸಿಗಬೇಕು. ಅದರಲ್ಲಿ ನಮೂದಾಗದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ವಸೂಲು ಮಾಡುವಂತಿಲ್ಲ. ಬಡ್ಡಿದರದ ಜೊತೆಗೆ ಅಲ್ಲಿರುವ ‘ಎಪಿಆರ್’ ನೋಡಿ. ಪ್ರೊಸೆಸಿಂಗ್ ಶುಲ್ಕ, ವಿಮೆ ಎಲ್ಲ ಸೇರಿ ಸಾಲ ನಿಜಕ್ಕೂ ಎಷ್ಟಕ್ಕೆ ಬೀಳುತ್ತದೆಂದು ಅದು ಹೇಳುತ್ತದೆ.

ವಿಮೆಯ ವಿಷಯದಲ್ಲಿ ಎಚ್ಚರ ಬೇಕು. ನೀವು ಕೇಳಿದ್ದು 60 ಲಕ್ಷ, ಕರಾರಿನಲ್ಲಿ 61.80 ಲಕ್ಷ ಎಂದಿದ್ದರೆ, ವಿಮೆಯ ಪ್ರೀಮಿಯಂ ಸಾಲದೊಳಗೇ ಸೇರಿಕೊಂಡಿರಬಹುದು. ಆ 1.80 ಲಕ್ಷಕ್ಕೆ ಶೇ 8.5ರಂತೆ 20 ವರ್ಷದಲ್ಲಿ ನೀವು ಕಟ್ಟುವುದು ಸುಮಾರು 3.75 ಲಕ್ಷ! ವಿಮೆ ಖಂಡಿತ ಇರಲಿ, ಆದರೆ ಬೇರೆ ಕಡೆ ಟರ್ಮ್ ಪಾಲಿಸಿಯ ದರ ವಿಚಾರಿಸಿ ನಿರ್ಧರಿಸಿ.

ಇನ್ನು ಮರಾಠಿ ಕಾಗದ. ಹವೇಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಫ್ಲ್ಯಾಟ್ ಖರೀದಿ ಕರಾರಿನ ಸಾರವೆಲ್ಲ ‘ಇಂಡೆಕ್ಸ್-2’ರಲ್ಲಿದೆ. ಮರಾಠಿ ಓದಬಲ್ಲ ನೆರೆಯವರನ್ನೋ ವಕೀಲರನ್ನೋ ಕೂರಿಸಿಕೊಂಡು ಸರ್ವೆ ನಂಬರು, ವಿಂಗ್, ಫ್ಲ್ಯಾಟ್ ನಂಬರು, ಚದರ ಮೀಟರಿನಲ್ಲಿರುವ ಕಾರ್ಪೆಟ್ ವಿಸ್ತೀರ್ಣವನ್ನು ಬ್ಯಾಂಕಿನ ಮಂಜೂರಾತಿ ಪತ್ರಕ್ಕೆ ತಾಳೆ ನೋಡಿ. ಹೆಸರುಗಳನ್ನು ಅಕ್ಷರ ಅಕ್ಷರ ಓದಿಸಿ. ನಮ್ಮ ಕಡೆ ಇನಿಷಿಯಲ್ ಇದ್ದರೆ ಸಾಕು, ಅಲ್ಲಿ ತಂದೆಯದೋ ಗಂಡನದೋ ಹೆಸರು ನಡುವೆ ಬಂದು ಕೂರುತ್ತದೆ. ಆಧಾರ್‌ನಲ್ಲಿ ಒಂದು, ಇಲ್ಲಿ ಇನ್ನೊಂದು ಆಗುವುದು ಹೀಗೆ. ತಪ್ಪಿದ್ದರೆ ಈಗಲೇ ‘ಚೂಕ್ ದುರುಸ್ತಿ ಪತ್ರ’ ಮಾಡಿಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವವರ ಜಾಗದಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ. ಸಾಲಕ್ಕೆ ಜೊತೆಗಾರ್ತಿಯಾಗಿ ಸಹಿ ಹಾಕಿದ ಮಾತ್ರಕ್ಕೆ ನೀವು ಮನೆಯ ಒಡತಿಯಾಗುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಇದು ತಿಳಿಯುವುದು ತೀರಾ ತಡವಾಗಿ.

ಬ್ಯಾಂಕಿಗೆ ಒಪ್ಪಿಸುವ ಪ್ರತಿಯೊಂದು ಮೂಲ ಪತ್ರಕ್ಕೂ ಪಟ್ಟಿ ಸಮೇತ ರಸೀದಿ ಪಡೆಯಿರಿ. ಸಾಲ ತೀರಿದ 30 ದಿನದೊಳಗೆ ಬ್ಯಾಂಕ್ ಅವನ್ನು ಮರಳಿಸಬೇಕು. ತನ್ನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ಎಲ್ಲ ಕರಡುಗಳನ್ನೂ ಕಳಿಸುವಂತೆ ಇಂದೇ ಬ್ಯಾಂಕಿಗೆ ಇಮೇಲ್ ಮಾಡಿ. ಅವು ಕೈಸೇರಿ, ನೀವಿಬ್ಬರೂ ಕೂತು ಓದುವವರೆಗೆ ಶುಕ್ರವಾರವಲ್ಲ, ಯಾವ ವಾರವೂ ಸಹಿ ಹಾಕಬೇಡಿ.